ಆಪರೇಟಿಂಗ್ ಸಿಸ್ಟಂ ಯಾವುದಾದರೇನು?

ಇಮೇಲ್ ನೋಡುವುದು, ಬ್ಯಾಂಕಿನ ವ್ಯವಹಾರ ಮುಗಿಸುವುದು, ಆಗೊಮ್ಮೆ ಈಗೊಮ್ಮೆ ಪತ್ರ ಬರೆಯುವುದು, ವಿಡಿಯೊ ನೋಡುವುದು, ಇಷ್ಟೇ ಕೆಲಸವಿರುವವರು ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾಗಿ (ಆಪರೇಟಿಂಗ್ ಸಿಸ್ಟಂ) ವಿಂಡೋಸ್ ಒಳ್ಳೆಯದೋ, ಮ್ಯಾಕ್ ಒಳ್ಳೆಯದೋ, ಲಿನಕ್ಸ್ ಒಳ್ಳೆಯದೋ ಎಂದು ಕೇಳಿದರೆ, ಯಾವುದಾದರೂ ನಡೆಯುತ್ತದೆ ಎಂದೇ ನಾನು ಹೇಳುತ್ತೇನೆ. ಆದರೆ ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಕಂಪ್ಯೂಟರ್ ಕೊಂಡ ಹೊಸತರಲ್ಲಿ ಈ ಆಯ್ಕೆಯಿಂದ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಅದರ ಪರಿಣಾಮ ತಿಳಿಯುವುದು ಯಂತ್ರ ಹಳತಾದಾಗ, ಇಲ್ಲವೇ ಒಂದು ಸಿಸ್ಟಂ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದಾಗ.

ಯಾವುದಾದರೂ ನಡೆಯುತ್ತದೆ ಎನ್ನಲು ಮುಖ್ಯ ಕಾರಣ ಬ್ರೌಸರ್. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಕಾಲದಲ್ಲಿ ಹೆಚ್ಚಿನ ಕೆಲಸಗಳಿಗೆ ಆಯಾ ಸಿಸ್ಟಂಗೆಂದೇ ಸಿದ್ಧಪಡಿಸಿದ ತಂತ್ರಾಂಶ ಬೇಕಾಗುತ್ತಿತ್ತು. ಅವುಗಳಲ್ಲಿ ಬಹುಪಾಲು ಈಗ ಬ್ರೌಸರಿನ ಒಂದು ಟ್ಯಾಬಿನೊಳಗೇ ಮುಗಿಯುತ್ತವೆ, ಮತ್ತು ಫೈರ್‌ಫಾಕ್ಸ್ ಆಗಲಿ ಕ್ರೋಮ್ ಆಗಲಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ. 2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್ ಎಂಬ ಲ್ಯಾಪ್‌ಟಾಪ್‌ಗಳಂತೂ ಬ್ರೌಸರೊಂದಿದ್ದರೆ ಸಾಕೆಂಬ ನಂಬಿಕೆಯ ಮೇಲೆಯೇ ನಿಂತಿದ್ದವು. ಕಿಟಕಿ ಮುಚ್ಚುವ ಗುಂಡಿ ಎಡಕ್ಕಿದೆಯೋ ಬಲಕ್ಕಿದೆಯೋ, ಕಾಪಿ ಮಾಡಲು ಕಂಟ್ರೋಲ್ ಒತ್ತಬೇಕೋ ಕಮಾಂಡ್ ಒತ್ತಬೇಕೋ ಎಂಬಂಥ ಗೊಂದಲಗಳು ಕೆಲವೇ ದಿನಗಳಲ್ಲಿ ಕೈಗೆ ರೂಢಿಯಾಗುತ್ತವೆ. (ಇವನ್ನೇ ಹಿಡಿದು ವರ್ಷಗಟ್ಟಲೆ ವಾದ ಮಾಡುವವರ ತಾಳ್ಮೆಯನ್ನು ಮೆಚ್ಚಲೇಬೇಕು.)

ನಿಜವಾಗಿ ಕೇಳಬೇಕಾದ ಪ್ರಶ್ನೆ, ಈ ಯಂತ್ರಕ್ಕೆ ಭದ್ರತಾ ಅಪ್‌ಡೇಟ್‌ಗಳು ಎಲ್ಲಿಯವರೆಗೆ ಬರುತ್ತವೆ ಎಂಬುದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕದಾದ್ಯಂತ ಕಂಪ್ಯೂಟರುಗಳಲ್ಲಿನ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ ಕೊಟ್ಟಿತ್ತು. ಅದನ್ನು ಹಾಕಿಕೊಂಡಿದ್ದ ವಿಂಡೋಸ್ ಯಂತ್ರಗಳಿಗೆ ಆ ದಾರಿಯಿಂದ ಅಪಾಯವಿರಲಿಲ್ಲ, ಹಾಕಿಕೊಳ್ಳದೆ ಮುಂದೂಡಿದ್ದ ಯಂತ್ರಗಳು ಸಿಕ್ಕಿಬಿದ್ದವು. 2014ರಲ್ಲೇ ಬೆಂಬಲ ನಿಂತಿದ್ದ ಎಕ್ಸ್‌ಪಿಗೂ ಆ ಕಂಪನಿ ತುರ್ತಾಗಿ ಅಪ್‌ಡೇಟ್ ಹೊರಡಿಸಬೇಕಾಯಿತು. ಸುರಕ್ಷತೆಯ ಚರ್ಚೆಯಲ್ಲಿ ಸಿಸ್ಟಂನ ಹೆಸರಿಗೆ ಕೊಡುವಷ್ಟು ಮಹತ್ವವನ್ನು ಜನ ಅಪ್‌ಡೇಟಿನ ದಿನಾಂಕಕ್ಕೆ ಕೊಡುವುದಿಲ್ಲ ಎಂಬುದು ನನ್ನ ಆಕ್ಷೇಪ.

ಈ ವಿಷಯದಲ್ಲಿ ಮೂರರ ನಡುವೆ ದೊಡ್ಡ ಅಂತರವಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್‌ಗಳ ಅವಧಿಯನ್ನು ವಿಸ್ತರಿಸಿಕೊಟ್ಟರು, ಅಷ್ಟೇ. 2021ರ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ ತನ್ನ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಕೇಳುವುದರಿಂದ, ಯಾವ ತೊಂದರೆಯೂ ಇಲ್ಲದೆ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಅದಕ್ಕೆ ಅನರ್ಹವಾದವು. ಆಪಲ್ 2020ರಲ್ಲಿ ತನ್ನದೇ ಪ್ರೊಸೆಸರುಗಳಿಗೆ ಹೊರಳಿತು, 2025ರ ಮ್ಯಾಕ್‌ಓಎಸ್ ಆವೃತ್ತಿಯೇ ಹಿಂದಿನ ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಿಗೆ ಕೊನೆಯದೆಂದು ಹೇಳಿಯೂಬಿಟ್ಟಿತು. ಲಿನಕ್ಸ್‌ನ ರೂಪಗಳಲ್ಲೊಂದಾದ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗಾದರೋ ಐದು ವರ್ಷಗಳ ಬೆಂಬಲವಿದ್ದು, ಅದು ಮುಗಿಯುವ ಮುನ್ನವೇ ಮುಂದಿನ ಆವೃತ್ತಿಗೆ ಉಚಿತವಾಗಿ ಹೋಗಬಹುದು. ಹತ್ತು ವರ್ಷ ಹಳೆಯ ಯಂತ್ರವನ್ನೂ ಅದು ಸಾಮಾನ್ಯವಾಗಿ ತಿರಸ್ಕರಿಸುವುದಿಲ್ಲ. ಆದ್ದರಿಂದ ಹಳೆಯ ಲ್ಯಾಪ್‌ಟಾಪನ್ನು ಇನ್ನೂ ಕೆಲವು ವರ್ಷ ಬಳಸಬಯಸುವವರಿಗೆ ಈ ಆಯ್ಕೆ ಮುಖ್ಯವೇ ಹೌದು, ಹೊಸದನ್ನು ಕೊಳ್ಳುವವರಿಗೆ ಅಷ್ಟಾಗಿ ಅಲ್ಲ.

ಎರಡನೆಯ ತೊಡಕು ಕಡತಗಳದ್ದು. ವರ್ಡ್‌ನಲ್ಲಿ ಕ್ಯಾಲಿಬ್ರಿ ಫಾಂಟ್ ಬಳಸಿ ಬರೆದ ಎರಡು ಪುಟದ ಅರ್ಜಿಯೊಂದನ್ನು ಲಿನಕ್ಸ್‌ನಲ್ಲಿ ವರ್ಡ್‌ನ ಕೆಲಸ ಮಾಡುವ ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ. ಆ ಫಾಂಟ್ ಅಲ್ಲಿಲ್ಲ. ಅದರಷ್ಟೇ ಅಕ್ಷರದ ಅಗಲವಿರುವ ಕಾರ್ಲಿಟೊ ಎಂಬ ಬದಲಿ ಫಾಂಟ್ ಇದ್ದರೆ ಸಾಲುಗಳು ಇದ್ದಲ್ಲೇ ನಿಲ್ಲುತ್ತವೆ. ಅದೂ ಇಲ್ಲದಿದ್ದರೆ ಸಾಲಿನ ಕೊನೆಯ ಪದ ಕೆಳಗಿಳಿಯುತ್ತದೆ, ಆ ಸಾಲು ಮುಂದಿನದನ್ನು ತಳ್ಳುತ್ತದೆ, ಕೊನೆಗೆ ಕೋಷ್ಟಕದ ಕಡೆಯ ಅಡ್ಡಸಾಲು ಮತ್ತು ಸಹಿಯ ಜಾಗ ಮೂರನೆಯ ಪುಟಕ್ಕೆ ಹೋಗಿ ಕೂರುತ್ತವೆ. ಓದಿಗಷ್ಟೇ ಕಳಿಸುವುದಾದರೆ ಪಿಡಿಎಫ್ ಮಾಡಿದರಾಯಿತು, ತಿದ್ದಲು ಹಲವು ಕೈ ದಾಟುವ ಕಡತವಾದರೆ ಇದು ನಿತ್ಯದ ಕಿರಿಕಿರಿ. ಹೊರಗಿನ ಹಾರ್ಡ್ ಡಿಸ್ಕಿನದೂ ಇಂಥದೇ ಕಥೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಹೆಚ್ಚುವರಿ ತಂತ್ರಾಂಶವಿಲ್ಲದೆ ಅದರ ಮೇಲೆ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಎಂಬ ವಿಧಾನದ್ದಾಗಿದ್ದರೆ ಈಗಿನ ಮೂರೂ ಸಿಸ್ಟಂಗಳಲ್ಲಿ ಓದಲೂ ಬರೆಯಲೂ ಬರುತ್ತದೆ.

ಇನ್ನು ಕೆಲವರ ಆಯ್ಕೆಯನ್ನು ಒಂದೇ ಒಂದು ತಂತ್ರಾಂಶ ತೀರ್ಮಾನಿಸಿಬಿಡುತ್ತದೆ. ಫೋಟೋಶಾಪ್ ಲಿನಕ್ಸ್‌ಗೆ ಬಂದಿಲ್ಲ, ವಿಡಿಯೊ ಸಂಕಲನದ ಫೈನಲ್ ಕಟ್ ಪ್ರೊ ವಿಂಡೋಸ್‌ಗೆ ಬಂದಿಲ್ಲ, ಮೋಸಗಾರರನ್ನು ತಡೆಯುವ ವ್ಯವಸ್ಥೆಯಿರುವ ಹಲವು ಆನ್‌ಲೈನ್ ಆಟಗಳು ಲಿನಕ್ಸ್‌ನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಅಂಥವರಿಗೆ ಈ ಚರ್ಚೆಯೇ ಬೇಕಿಲ್ಲ.

ಉಳಿದವರು ಲಿನಕ್ಸ್ ಪ್ರಯತ್ನಿಸುವುದಾದರೆ, ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಡಿಸ್ಕಿನಲ್ಲಿರುವುದೇನನ್ನೂ ಅಳಿಸದೆ ನೇರವಾಗಿ ಅಲ್ಲಿಂದಲೇ ಓಡಿಸಿ ನೋಡಬಹುದು. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಮೊದಲು ಅದನ್ನು ತೆರೆಯುವ ಸಂಖ್ಯೆಯನ್ನು, ಅಂದರೆ ರಿಕವರಿ ಕೀಯನ್ನು, ಕಂಪ್ಯೂಟರಿನ ಹೊರಗೆ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಕಂಪ್ಯೂಟರ್ ಶುರುವಾಗುವ (ಬೂಟ್) ವ್ಯವಸ್ಥೆಯಲ್ಲಿ ಬದಲಾವಣೆ ಕಂಡರೆ ವಿಂಡೋಸ್ ಮುಂದಿನ ಬಾರಿ ಅದನ್ನು ಕೇಳಬಹುದು, ಆಗ ಅದಿಲ್ಲದೆ ಕಡತಗಳನ್ನು ತೆರೆಯುವ ಬೇರೆ ದಾರಿಯಿಲ್ಲ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನವೆನಿಸುವುದು ಸಹಜ, ಅದರಿಂದ ವೇಗವನ್ನು ಅಳೆಯಬಾರದು. ನೋಡಬೇಕಾದದ್ದು ವೈಫೈ ಸಿಗುತ್ತದೆಯೇ, ಧ್ವನಿ ಮತ್ತು ಕ್ಯಾಮೆರಾ ಸರಿಯಿವೆಯೇ, ಪ್ರಿಂಟರ್ ತಾನಾಗಿ ಕಾಣಿಸಿಕೊಳ್ಳುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಬಿಟ್ಟ ಕೆಲಸ ಹಾಗೆಯೇ ಇದೆಯೇ ಎಂಬುದನ್ನು. ಬಹಳಷ್ಟು ಯಂತ್ರಗಳಲ್ಲಿ ಮೊದಲ ಮೂರೂ ಸಲೀಸು. ತಕರಾರು ಬಂದರೆ ಹೆಚ್ಚಾಗಿ ಕೊನೆಯದರಲ್ಲೇ ಬರುತ್ತದೆ.