ಅಂಕಿ ತೆಗೆದು ಅಕ್ಕನನ್ನು ಹಾಕಿದೆ: ದೇಣಿಗೆ ಮೆಸೇಜಿನ ಮೂರನೇ ತಿಂಗಳು

ನಮ್ಮದು ಪುಟ್ಟ ಟ್ರಸ್ಟು. ಮೂರು ಹಳ್ಳಿಗಳ ಮಕ್ಕಳಿಗೆ ಕಥೆಪುಸ್ತಕ ತಲುಪಿಸುವುದು ಕೆಲಸ. ದುಡ್ಡು ಕೇಳುವ ವಾಟ್ಸಾಪ್ ಮೆಸೇಜು ಬರೆಯುವ ಪಾಡು ನನ್ನದು. ಹಳೆಯದು ಹೀಗಿತ್ತು: ಆತ್ಮೀಯರೇ, ಇಷ್ಟು ಹಳ್ಳಿ, ಇಷ್ಟು ಮಕ್ಕಳು, ಇಷ್ಟು ಪುಸ್ತಕ, ತಮ್ಮ ಉದಾರ ನೆರವನ್ನು ಕೋರುತ್ತೇವೆ. ಎಲ್ಲರೂ ಕೈಮುಗಿಯುವ ಇಮೋಜಿ ಹಾಕುತ್ತಿದ್ದರು. ಕೈಮುಗಿದು ಮುಂದಕ್ಕೆ ಹೋಗಿ ಅನ್ನುವುದೂ ಹಾಗೇ ಅಲ್ವಾ!

ಅದನ್ನು ಬದಲಿಸಲು ಹೊರಟ ಮೊದಲ ತಿಂಗಳು ಬರೀ ಓದಿದೆ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ ಪ್ರಕಟಿಸಿದ ಪ್ರಯೋಗವೇ ನನ್ನನ್ನು ಹಿಡಿದಿದ್ದು. ಜನರ ಕೈಗೆ 5 ಡಾಲರ್ ಕೊಟ್ಟು, ಇದರಲ್ಲಿ ಎಷ್ಟನ್ನು ದಾನ ಮಾಡುತ್ತೀರಿ ಎಂದು ಕೇಳಿದರು. ಆಫ್ರಿಕಾದ ಹಸಿವಿನ ಅಂಕಿಗಳನ್ನು ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯ ಬಗ್ಗೆ ಓದಿದವರು 2.38. ತಮಾಷೆ ಅಂದರೆ ಎರಡನ್ನೂ ಒಟ್ಟಿಗೆ ಓದಿದವರು 1.43ಕ್ಕೆ ಇಳಿದರು, ಅಂದರೆ ಹುಡುಗಿಯ ಪಕ್ಕ ಅಂಕಿ ಬಂದು ಕೂತ ಕೂಡಲೇ ಹುಡುಗಿಯೂ ಮಸುಕಾದಳು.

ತಲೆಯೊಳಗೆ ಏನಾಗುತ್ತದೆ ಅನ್ನುವುದನ್ನು 2013ರಲ್ಲಿ ಅಲೆಕ್ಸಾಂಡರ್ ಗೆನೆವ್ಸ್ಕಿ ಮತ್ತು ಜೊತೆಗಾರರು ಸ್ಕ್ಯಾನರ್‌ನಲ್ಲಿ ನೋಡಿದರು. ಬರೀ ನೆರಳುಚಿತ್ರ ತೋರಿಸಿದಾಗಿನದಕ್ಕಿಂತ ಮುಖದ ಫೋಟೋ ತೋರಿಸಿದಾಗ ಜನ ಜಾಸ್ತಿ ಕೊಟ್ಟರು. ಆಗ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ ಚಟುವಟಿಕೆ ಏರಿತ್ತು. ಏನಾದರೂ ಸಿಗುತ್ತದೆ ಅಂದಾಗ ಚುರುಕಾಗುವ ಭಾಗ ಅದು. ನಾನು ಇಷ್ಟು ದಿನ ಓದುವವರಿಗೆ ಅಯ್ಯೋ ಪಾಪ ಅನ್ನಿಸಬೇಕು ಅಂದುಕೊಂಡಿದ್ದೆ, ಇಲ್ಲಿ ನೋಡಿದರೆ ಒಳ್ಳೆಯ ಉಮೇದು ಹುಟ್ಟಿದಾಗ ಕೈ ಬಿಚ್ಚುತ್ತಿತ್ತು.

ಎರಡನೇ ತಿಂಗಳು ಎಡವಟ್ಟು. ಒಂದು ಹುಡುಗಿಯ ಫೋಟೋ, ಅವಳ ಹೆಸರು, ಅಪ್ಪನ ಸಾಲದ ಕಥೆ ಹಾಕಿ ಕಳಿಸಿದೆ. ಮನೆಯವರು ಹೂಂ ಅಂದಿದ್ದರು. ದುಡ್ಡೂ ಬಂತು. ಆದರೆ ಮೆಸೇಜು ಫಾರ್ವರ್ಡ್ ಆಗುತ್ತಾ ಆಗುತ್ತಾ ಅದೇ ಊರಿಗೆ ಹೋಗಿ, ಅವಳ ಕ್ಲಾಸಿನವರ ಅಪ್ಪ-ಅಮ್ಮಂದಿರ ಫೋನಿಗೇ ಬಂದುಬಿಟ್ಟಿತು. ನಿನ್ನ ಹೆಸರಲ್ಲಿ ಭಿಕ್ಷೆ ಎತ್ತುತ್ತಿದ್ದಾರಂತೆ ಅಂತ ಹುಡುಗರು ರೇಗಿಸಿದರಂತೆ. ಅವಳು ಒಂದು ವಾರ ಪುಸ್ತಕ ತೆಗೆದುಕೊಳ್ಳಲು ಬರಲಿಲ್ಲ. ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವಳಮ್ಮ ಟೀ ಕೊಟ್ಟರು, ಏನೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಈ ತಿಂಗಳು ಮಕ್ಕಳನ್ನು ಪೂರ್ತಿ ಬಿಟ್ಟೆ. ಒಬ್ಬರ ಮುಖ ಬೇಕು ತಾನೇ, ಅದು ನಮ್ಮ ಪುಸ್ತಕದ ಅಕ್ಕನದೇ ಇರಲಿ ಅಂದುಕೊಂಡೆ. ಎರಡು ಚೀಲ ಪುಸ್ತಕ ಹೊತ್ತು ಬೆಳಗಿನ ಬಸ್ಸು ಹತ್ತುವವರು ಅವರು. ಅವರನ್ನೇ ಕೂರಿಸಿಕೊಂಡು ಅವರ ಮಾತಲ್ಲೇ ಬರೆದೆ: "ಹಳೇ ಪುಸ್ತಕ ಎಲ್ಲಾ ಓದಿ ಮುಗಿಸಿದ್ದಾರೆ, ಹೊಸದು ತಂದ್ರಾ ಅಂತ ಬಸ್‌ಸ್ಟಾಪಿಗೇ ಬರ್ತಾರೆ, ನಂಗೆ ಚೀಲ ತೋರಿಸೋಕೆ ನಾಚಿಕೆ ಆಗುತ್ತೆ." ಕೆಳಗೆ ಕ್ಯೂಆರ್ ಕೋಡ್. ಒಂದೇ ಒಂದು ಮೊತ್ತ. ಆದಾಯ ತೆರಿಗೆ ವಿನಾಯಿತಿಯ ರಸೀದಿ ಸಿಗುತ್ತದೆ ಎಂದು ಕೊನೆಯಲ್ಲಿ ಅರ್ಧ ಸಾಲು, ಯಾಕೆಂದರೆ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಹೇಗೂ ಇಲ್ಲ.

ಹಳೆಯ ಮೆಸೇಜನ್ನು ಅರ್ಧ ಜನಕ್ಕೆ, ಹೊಸದನ್ನು ಇನ್ನರ್ಧ ಜನಕ್ಕೆ ಕಳಿಸಿ ಹೋಲಿಸುವ ಪ್ಲಾನು ಮಾತ್ರ ಕೆಟ್ಟಿತು. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದ್ದು ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಇದು ನನಗೆ ಆಮೇಲೆ ಗೊತ್ತಾಯಿತು! ಹೊಸದು ಗೆದ್ದಂತೆ ಕಾಣುತ್ತದೆ, ಆದರೆ ಆ ಅರ್ಧದಲ್ಲಿ ನನ್ನ ನೆಂಟರೇ ಜಾಸ್ತಿ ಇದ್ದರು. ರೋಕಿಯಾ ಪ್ರಯೋಗವನ್ನೇ ದೊಡ್ಡದಾಗಿ ಮತ್ತೆ ಮಾಡಿ 2023ರಲ್ಲಿ ಪ್ರಕಟಿಸಿದವರಿಗೆ ಹುಡುಗಿಯ ಕಥೆಗೂ ಅಂಕಿಗಳಿಗೂ ನಡುವಿನ ಆ ವ್ಯತ್ಯಾಸ ಕಾಣಿಸಲಿಲ್ಲ, ಹಾಗಿರುವಾಗ ನನ್ನ ನೆಂಟರ ಲೆಕ್ಕ ಹಿಡಿದು ಕುಣಿಯುವುದು ಬೇಡ.

ಅಕ್ಕನಿಗೆ ಮೆಸೇಜು ಓದಿ ಹೇಳಿದಾಗ ಒಂದೇ ತಕರಾರು ಮಾಡಿದರು, ಫೋಟೋದಲ್ಲಿ ಹಳೇ ಸೀರೆ ಇದೆ, ಬದಲಾಯಿಸಿ ಅಂತ. ಸೋಮವಾರ ಹೊಸದು ತೆಗೆಯುತ್ತೇನೆ.