ಕೈಮೇಲಿನ ಗೀರು ಕಂಡಿದ್ದರೂ ಕೇಳಲಿಲ್ಲ

ಮಂಡ್ಯದ ಆಸ್ಪತ್ರೆಯೊಂದರಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮ ಕಡೆ ಯಾರ ಕೈಮೇಲೆ ಗೀರಿಲ್ಲ ಹೇಳಿ? ಕಬ್ಬಿನ ಸೋಗೆ ತಾಕಿದರೆ ಸಾಕು, ಬ್ಲೇಡಿನಂತೆ ಕೊಯ್ಯುತ್ತದೆ. ಅದಕ್ಕೇ ಆ ಹುಡುಗನ ಕೈ ನೋಡಿಯೂ ಸುಮ್ಮನಾದೆ.

ಆರನೇ ಕ್ಲಾಸಿನವನು. ಬಲಗಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು, ಸಂಜೆಯಾದರೆ ಜ್ವರ. "ಟಿಬಿ ಇರಬೋದಾ ಸಿಸ್ಟರ್?" ಅಂತ ಅವರಮ್ಮ ಕಣ್ಣು ತುಂಬಿಕೊಂಡು ಕೇಳಿದರು. ನಮಗೂ ಅದೇ ಅನುಮಾನ. ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರೆ ಗ್ರಾನುಲೋಮಾ, ಅಂದರೆ ಮೈಯ ರಕ್ಷಣಾ ಕಣಗಳು ಗುಂಪುಗಟ್ಟಿದ ಗುರುತು, ಅಂತ ಬಂತು. ಟಿಬಿಯಲ್ಲೂ ಹಾಗೇ ಬರುತ್ತದೆ. ಆದರೆ ಸಿಬಿನ್ಯಾಟ್ ಟೆಸ್ಟಿನಲ್ಲಿ ಟಿಬಿ ಸಿಗಲಿಲ್ಲ.

ರೌಂಡ್ಸಿಗೆ ಬಂದ ಡಾಕ್ಟರು ಹುಡುಗನ ಕೈ ತಿರುಗಿಸಿ ನೋಡಿ, "ಮನೇಲಿ ಬೆಕ್ಕಿದೆಯೇನೋ ಮರಿ?" ಅಂದರು. ಅವನ ಮುಖ ಅರಳಿತು. ಇಲಿ ಕಾಟಕ್ಕೆ ತಂದ ಮರಿಯಂತೆ, ರಾತ್ರಿ ಇವನ ಕಂಬಳಿಯೊಳಗೇ ಮಲಗುತ್ತದಂತೆ. ಗೀರುಗಳು ಮೂರು, ಸಾಲಾಗಿ. ಒಂದರ ತುದಿಯಲ್ಲಿ ಒಣಗಿದ ಸಣ್ಣ ಗುಳ್ಳೆ. ಸೋಗೆ ಹಾಗೆ ಗೀರುವುದಿಲ್ಲ. ರಕ್ತ ತೆಗೆಯುವಾಗ ಅದೇ ಕೈ ಹಿಡಿದಿದ್ದವಳು ನಾನು. ಒಂದು ಮಾತು ಕೇಳಿದ್ದರೆ ಆ ತಾಯಿಗೆ ಅಷ್ಟು ದಿನದ ಸಂಕಟ ತಪ್ಪುತ್ತಿತ್ತು.

ಹೊರಗಿನ ಲ್ಯಾಬಿಗೆ ಕಳಿಸಿದ ರಕ್ತದಲ್ಲಿ ಬಾರ್ಟೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಅಂತ ಬಂತು. ಬೆಕ್ಕಿಗೆ ಇದು ಚಿಗಟದಿಂದ ಅಂಟುತ್ತದೆ. ಚಿಗಟದ ಹಿಕ್ಕೆ ಉಗುರಿಗೆ ಮೆತ್ತಿಕೊಂಡು, ಪರಚಿದಾಗ ನಮ್ಮ ಮೈ ಸೇರುತ್ತದೆ. ಬೆಕ್ಕು ಮಾತ್ರ ಆರಾಮಾಗೇ ಕಾಣುತ್ತದೆ. ಮರಿಗಳಿಂದಲೇ ಜಾಸ್ತಿ. ಪರಚಿದ 1ರಿಂದ 3 ವಾರದಲ್ಲಿ ಗಂಟು ಏಳುತ್ತದೆ, ಎಷ್ಟೋ ಜನರಿಗೆ ತಾನಾಗೇ ಇಳಿಯುತ್ತದೆ. ಆದರೆ ಕೆಲವರಿಗೆ ಕಣ್ಣಿನ ನರ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ಲಿವರಿನಲ್ಲಿ ಸಣ್ಣ ಸಣ್ಣ ಕೀವುಗುಳ್ಳೆ ಆಗಬಹುದು, ಅಪರೂಪಕ್ಕೆ ಫಿಟ್ಸ್ ಕೂಡ. ನನಗೆ ಜಾಸ್ತಿ ಭಯ ಹೃದಯದ ವಾಲ್ವ್ ಕೆಟ್ಟವರದ್ದು. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಹಾಳಾದವರು ನಮ್ಮ ವಾರ್ಡಿಗೆ ಬರುತ್ತಲೇ ಇರುತ್ತಾರೆ. ಈ ಸೋಂಕು ಅಲ್ಲಿ ಕೂತರೆ ಜೀವಕ್ಕೇ ಕುತ್ತು.

ಇನ್ನೊಂದು ಮಾತು. ಬೆಕ್ಕು ಪರಚಿದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ರೇಬಿಸ್ ಇಂಜೆಕ್ಷನ್ ಬೇಕಾ ಅಂತ ಅವತ್ತೇ ಆಸ್ಪತ್ರೆಗೆ ಹೋಗಿ ಕೇಳಿ.

ಹುಡುಗನಿಗೆ 5 ದಿನ ಅಜಿತ್ರೋಮೈಸಿನ್ ಕೊಟ್ಟರು. ಮರಿಯನ್ನು ಚೀಲಕ್ಕೆ ಹಾಕಿ ಎಲ್ಲಾದರೂ ಬಿಟ್ಟುಬರುತ್ತೇನೆ ಅಂದರು ಅವರಮ್ಮ. ಬೇಡ ಅಮ್ಮ, ದನದ ಆಸ್ಪತ್ರೆಗೆ ಕರ್ಕೊಂಡು ಹೋಗಿ ಚಿಗಟಕ್ಕೆ ಔಷಧಿ ಹಾಕಿಸಿ ಅಂದೆ.

ತಿಂಗಳಾದ ಮೇಲೆ ಬಂದಾಗ ಗಂಟು ಕಡಲೆಕಾಳಿನಷ್ಟಾಗಿತ್ತು. ಕೈಮೇಲೆ ಹೊಸ ಗೀರೊಂದು ಕಂಡಿತು. "ಇದೇನೋ?" ಅಂದೆ. "ಕಬ್ಬು ಸಿಸ್ಟರ್" ಅಂದ. ಬೆಳಕಿಗೆ ತಿರುಗಿಸಿ ನೋಡಿದೆ. ಒಂದೇ ಗೀರು, ಉದ್ದಕ್ಕೆ. ಕಬ್ಬೇ.