ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಸೂಪರ್ ಟಾಪ್‌ಅಪ್

ಕೆಲಸ ಬಿಡುವ ಹೊತ್ತಿಗೆ ಪಿಎಫ್, ಗ್ರಾಚ್ಯುಟಿ, ರಜೆ ನಗದೀಕರಣದ ಲೆಕ್ಕವನ್ನು ಎಲ್ಲರೂ ಜೋಪಾನವಾಗಿ ಮಾಡುತ್ತಾರೆ. ಕಂಪನಿ ಕೊಟ್ಟ ಆರೋಗ್ಯ ವಿಮೆ ಬಹುತೇಕ ಕಡೆ ಕೊನೆಯ ಕೆಲಸದ ದಿನಕ್ಕೇ ನಿಂತುಹೋಗುತ್ತದೆ ಎನ್ನುವುದು ಮಾತ್ರ ಆಮೇಲೆ ನೆನಪಾಗುತ್ತದೆ. ಆಗ ಬಿಪಿ, ಶುಗರ್ ಇರುವ ಅರವತ್ತರ ದಂಪತಿ ಹೊಸದಾಗಿ 25 ಲಕ್ಷದ ಪಾಲಿಸಿ ಕೇಳಲು ಹೋದರೆ ಪ್ರೀಮಿಯಂ ಕೇಳಿಯೇ ಹಿಂದೆ ಸರಿಯುತ್ತಾರೆ. ಇಲ್ಲಿಗೆ ಹೊಂದುವ ದಾರಿ: 5 ಲಕ್ಷದ ಒಂದು ಮೂಲ ಪಾಲಿಸಿ, ಅದರ ಮೇಲೆ 20 ಲಕ್ಷದ ಸೂಪರ್ ಟಾಪ್‌ಅಪ್. ಮೊದಲ 5 ಲಕ್ಷದ ಹೊರೆ ತನ್ನ ಮೇಲಿಲ್ಲದ್ದರಿಂದ ಎರಡನೆಯದು ಅಗ್ಗ. ಆದರೆ ಆ ಅಗ್ಗದ ಹಿಂದೆ ಕೆಲವು ಷರತ್ತುಗಳಿವೆ, ತೊಂದರೆಯೆಲ್ಲ ಹುಟ್ಟುವುದು ಅಲ್ಲೇ.

ಮೊದಲು ಹೆಸರನ್ನು ಸರಿಯಾಗಿ ಓದಿ. ಟಾಪ್‌ಅಪ್ ಮತ್ತು ಸೂಪರ್ ಟಾಪ್‌ಅಪ್ ಎರಡರಲ್ಲೂ ಡಿಡಕ್ಟಿಬಲ್ ಇರುತ್ತದೆ, ಅಂದರೆ ಇಷ್ಟು ಮೊತ್ತ ದಾಟಿದ ಮೇಲಷ್ಟೇ ಅವು ಕೈಹಿಡಿಯುತ್ತವೆ. ಸಾಮಾನ್ಯ ಟಾಪ್‌ಅಪ್ ಆ ಮೊತ್ತವನ್ನು ಪ್ರತಿ ಸಲದ ಆಸ್ಪತ್ರೆ ವಾಸಕ್ಕೂ ಬೇರೆ ಬೇರೆಯಾಗಿ ನೋಡುತ್ತದೆ. ಸೂಪರ್ ಟಾಪ್‌ಅಪ್ ಇಡೀ ಪಾಲಿಸಿ ವರ್ಷದ ಖರ್ಚನ್ನು ಕೂಡಿಸಿ ನೋಡುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ತಲಾ 4 ಲಕ್ಷ ಖರ್ಚಾಯಿತು, ಡಿಡಕ್ಟಿಬಲ್ 5 ಲಕ್ಷ ಎಂದುಕೊಳ್ಳಿ. ಟಾಪ್‌ಅಪ್‌ನಿಂದ ಬರುವುದು ಸೊನ್ನೆ, ಸೂಪರ್ ಟಾಪ್‌ಅಪ್‌ನಿಂದ 3 ಲಕ್ಷ. ವಯಸ್ಸಾದವರ ಕಾಯಿಲೆಗಳು ಒಂದೇ ದೊಡ್ಡ ಬಿಲ್ಲಾಗಿ ಬರುವುದಕ್ಕಿಂತ ಮೇಲಿಂದ ಮೇಲೆ ದಾಖಲಾಗುವ ರೂಪದಲ್ಲಿ ಬರುವುದೇ ಹೆಚ್ಚು. ಹಾಗಾಗಿ ನಿವೃತ್ತರಿಗೆ ಬರೀ ಟಾಪ್‌ಅಪ್ ಮಾರುವವರ ಮಾತಿಗೆ ಕಿವಿಗೊಡಬೇಡಿ.

ಯಾವಾಗ ಕೊಳ್ಳಬೇಕು ಎನ್ನುವುದು ಎಷ್ಟು ಮೊತ್ತಕ್ಕೆ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಮೊದಲೇ ಇರುವ ಕಾಯಿಲೆಗಳಿಗೆ ವೇಟಿಂಗ್ ಪೀರಿಯಡ್, ಅಂದರೆ ಕ್ಲೇಮ್ ಸಿಗದೆ ಕಾಯಬೇಕಾದ ಅವಧಿ, ಗರಿಷ್ಠ 36 ತಿಂಗಳು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ನಿಗದಿಮಾಡಿದೆ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಕಾಯಿಲೆ ಹೊಸದೇ ಆದರೂ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೂಲ ಪಾಲಿಸಿಯಲ್ಲಿ ನೀವು ಹತ್ತು ವರ್ಷ ಕಳೆದಿದ್ದರೂ ಹೊಸದಾಗಿ ತೆಗೆದುಕೊಂಡ ಸೂಪರ್ ಟಾಪ್‌ಅಪ್ ತನ್ನ ವೇಟಿಂಗನ್ನು ಮೊದಲಿನಿಂದ ಎಣಿಸುತ್ತದೆ. ಆದ್ದರಿಂದ 56, 57ರ ವಯಸ್ಸಿನಲ್ಲಿ, ಕಂಪನಿಯ ವಿಮೆ ಇನ್ನೂ ಇರುವಾಗಲೇ, ಅದರ ಮೇಲೆ ಸೂಪರ್ ಟಾಪ್‌ಅಪ್ ತೆಗೆದುಕೊಂಡುಬಿಡಿ. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ, ಕೆಳಗಿನ ಪಾಲಿಸಿ ಅದೇ ವಿಮಾ ಕಂಪನಿಯದ್ದಾಗಿರಬೇಕೆಂದೂ ಇಲ್ಲ. ಅರವತ್ತಕ್ಕೆ ಹೊರಬರುವಾಗ ವೇಟಿಂಗ್ ಮುಗಿದಿರುತ್ತದೆ.

ಅರವತ್ತು ದಾಟಿದವರಿಗೂ ಬಾಗಿಲು ಮುಚ್ಚಿಲ್ಲ. ಪಾಲಿಸಿ ಕೊಳ್ಳಲು 65 ವರ್ಷದ ಮಿತಿ ಎನ್ನುವ ಹಳೆಯ ನಿಯಮ 2024ರ ಏಪ್ರಿಲ್ 1ರಿಂದ ಇಲ್ಲ. ಆದರೂ ವೈದ್ಯಕೀಯ ತಪಾಸಣೆ ನೋಡಿ ನಿರಾಕರಿಸುವ ಅಥವಾ ಪ್ರೀಮಿಯಂ ಏರಿಸುವ ಹಕ್ಕು ವಿಮಾ ಕಂಪನಿಗೆ ಇದ್ದೇ ಇದೆ. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಕೇಳಬಹುದು. ಕಳೆದ ವೇಟಿಂಗ್ ವರ್ಷಗಳು ಜೊತೆಗೇ ಬರುತ್ತವೆ, ಆದರೆ ಹಳೆಯ ವಿಮಾ ಮೊತ್ತದ ಮಟ್ಟಿಗೆ ಮಾತ್ರ. ಅರ್ಜಿಯನ್ನು ಕೆಲಸ ಬಿಡುವ ಮೊದಲೇ, ಕೈಯಲ್ಲಿ 45 ದಿನವಾದರೂ ಇರುವಾಗ ಕೊಡಿ. ಬೀಳ್ಕೊಡುಗೆ ಸಮಾರಂಭ ಮುಗಿದ ಮೇಲೆ ಎಚ್‌ಆರ್‌ನವರಿಗೆ ಫೋನ್ ಮಾಡಿದರೆ ಕೆಲಸ ಆಗುವುದಿಲ್ಲ.

ಇನ್ನು ತಾರೀಖು. ಮೂಲ ಪಾಲಿಸಿ ಏಪ್ರಿಲ್‌ನಿಂದ ಮಾರ್ಚ್, ಸೂಪರ್ ಟಾಪ್‌ಅಪ್ ಅಕ್ಟೋಬರ್‌ನಿಂದ ಸೆಪ್ಟೆಂಬರ್ ಎಂದಿದ್ದರೆ ಏನಾಗುತ್ತದೆ ನೋಡಿ. ಆಗಸ್ಟ್‌ನಲ್ಲಿ 4 ಲಕ್ಷ, ನವೆಂಬರ್‌ನಲ್ಲಿ 4 ಲಕ್ಷ ಖರ್ಚು. ಮೂಲ ಪಾಲಿಸಿ 5 ಲಕ್ಷ ಕೊಟ್ಟು ಬರಿದಾಯಿತು. ಉಳಿದ 3 ಲಕ್ಷಕ್ಕೆ ಸೂಪರ್ ಟಾಪ್‌ಅಪ್ ಬಳಿ ಹೋದರೆ, ಅಕ್ಟೋಬರ್ 1ರಿಂದ ಅದರ ಹೊಸ ವರ್ಷ ಶುರುವಾಗಿದೆ. ಈ ವರ್ಷದ ಖರ್ಚು 4 ಲಕ್ಷ ಮಾತ್ರ, ಡಿಡಕ್ಟಿಬಲ್ ದಾಟಿಲ್ಲ. ಆ 3 ಲಕ್ಷ ನಿಮ್ಮ ಜೇಬಿನಿಂದ. ಎರಡೂ ಒಂದೇ ದಿನ ಶುರುವಾಗುವ ಹಾಗೆ ಕೊಂಡಿದ್ದರೆ ಇಡೀ 3 ಲಕ್ಷ ಬರುತ್ತಿತ್ತು. ಐಬಿಎ (ಭಾರತೀಯ ಬ್ಯಾಂಕುಗಳ ಸಂಘ) ಗುಂಪು ವಿಮೆಯಲ್ಲಿರುವ ಬ್ಯಾಂಕ್ ನಿವೃತ್ತರ ವರ್ಷ ನವೆಂಬರ್ 1ಕ್ಕೆ ಶುರುವಾಗುತ್ತದೆ. ಅವರು ಹೊರಗಿನಿಂದ ಸೂಪರ್ ಟಾಪ್‌ಅಪ್ ತೆಗೆದುಕೊಂಡರೆ ಅದನ್ನೂ ಅದೇ ದಿನಕ್ಕೆ ಹೊಂದಿಸಿಕೊಳ್ಳಲಿ.

ಡಿಡಕ್ಟಿಬಲ್ ಕಳೆಯುವುದು ಆಸ್ಪತ್ರೆಯ ಬಿಲ್ಲಿನಿಂದಲ್ಲ, ವಿಮಾ ಕಂಪನಿ ತನ್ನ ನಿಯಮದ ಪ್ರಕಾರ ಒಪ್ಪುವ ಮೊತ್ತದಿಂದ. 7 ಲಕ್ಷದ ಬಿಲ್ಲಿನಲ್ಲಿ ಗ್ಲೌಸ್, ಮಾಸ್ಕ್, ನೋಂದಣಿ ಶುಲ್ಕ ಎಂದು 40,000 ರೂಪಾಯಿ ಒಪ್ಪದ ಬಾಬ್ತಾದರೆ ಸೂಪರ್ ಟಾಪ್‌ಅಪ್ ಕೊಡುವುದು 2 ಲಕ್ಷವಲ್ಲ, 1,60,000. ಅನೇಕ ಪಾಲಿಸಿಗಳಲ್ಲಿ, ಸೂಪರ್ ಟಾಪ್‌ಅಪ್‌ನ ವೇಟಿಂಗ್ ಇನ್ನೂ ಮುಗಿಯದ ಕಾಯಿಲೆಗೆ ಆದ ಖರ್ಚು ಡಿಡಕ್ಟಿಬಲ್ ಲೆಕ್ಕಕ್ಕೂ ಸೇರುವುದಿಲ್ಲ. ಮೂಲ ಪಾಲಿಸಿ ಅದಕ್ಕೆ ಹಣ ಕೊಟ್ಟಿದ್ದರೂ ಅಷ್ಟೇ.

ಮೂಲ ಪಾಲಿಸಿಯ ರೂಂ ರೆಂಟ್ ಮಿತಿಯನ್ನು ಸೂಪರ್ ಟಾಪ್‌ಅಪ್ ಸರಿಪಡಿಸುತ್ತದೆ ಎಂದು ನಂಬಿದವರು ಬಹಳ ಮಂದಿ. ಅದು ಆಗುವುದಿಲ್ಲ. ದಿನಕ್ಕೆ 5,000 ಮಿತಿ, ನೀವು ಸೇರಿದ್ದು 8,000ದ ರೂಮಿಗೆ, 5 ದಿನ. ಒಟ್ಟು 4 ಲಕ್ಷದ ಬಿಲ್ಲಿನಲ್ಲಿ ರೂಂ 40,000, ಸರ್ಜನ್, ಓಟಿ, ನರ್ಸಿಂಗ್ ಸೇರಿ 1,60,000, ಇಂಪ್ಲಾಂಟ್ ಮತ್ತು ಔಷಧಿ 2 ಲಕ್ಷ. ರೂಮಿಗೆ ಸಿಗುವುದು 25,000. ಸರ್ಜನ್, ಓಟಿ ಖರ್ಚನ್ನೂ ಎಂಟಕ್ಕೆ ಐದರ ಪ್ರಮಾಣದಲ್ಲಿ ಕತ್ತರಿಸಿ 1 ಲಕ್ಷ ಕೊಡುತ್ತಾರೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಹೀಗೆ ಪ್ರಮಾಣ ಕಡಿತ ಮಾಡುವಂತಿಲ್ಲ; ಮಾಡಿದ್ದರೆ ಬರಹದಲ್ಲಿ ಆಕ್ಷೇಪಿಸಿ. ಒಟ್ಟು ಬಂದದ್ದು 3,25,000, ಕೈಯಿಂದ ಹೋದದ್ದು 75,000. ಬಿಲ್ಲು 5 ಲಕ್ಷ ದಾಟದ್ದರಿಂದ ಸೂಪರ್ ಟಾಪ್‌ಅಪ್ ಕದಲುವುದೂ ಇಲ್ಲ. ಕೋ-ಪೇ, ಅಂದರೆ ಪ್ರತಿ ಕ್ಲೇಮ್‌ನಲ್ಲಿ ನೀವೇ ಕಟ್ಟಬೇಕಾದ ಪಾಲು, ಅದರ ಕಥೆಯೂ ಇದೇ: ಮೂಲ ಪಾಲಿಸಿಯಲ್ಲಿ ಶೇ. 20 ಕೋ-ಪೇ ಇದ್ದರೆ 4 ಲಕ್ಷದಲ್ಲಿ 80,000 ನಿಮ್ಮದೇ.

ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ರೂಂ ರೆಂಟ್ ವಿಮಾ ಮೊತ್ತದ ಶೇ. 2, ಹೆಚ್ಚೆಂದರೆ ದಿನಕ್ಕೆ 5,000, ಕೋ-ಪೇ ಶೇ. 5, ಪೊರೆ ಶಸ್ತ್ರಚಿಕಿತ್ಸೆಗೆ ಒಂದು ಕಣ್ಣಿಗೆ ಗರಿಷ್ಠ 40,000. ಸಣ್ಣ ಊರಿನ ಆಸ್ಪತ್ರೆಗೆ ಸಾಕು, ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೆ ಸಾಲದು. (ರಾಜ್ಯ ಸರ್ಕಾರಿ ನೌಕರರ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ.)

ಡಿಡಕ್ಟಿಬಲ್ ಎಷ್ಟಿರಬೇಕು? ಮೂಲ ಪಾಲಿಸಿಯ ಮೊತ್ತದಷ್ಟೇ. 3 ಲಕ್ಷದ ಮೂಲ ಪಾಲಿಸಿ ಇಟ್ಟುಕೊಂಡು 5 ಲಕ್ಷದ ಡಿಡಕ್ಟಿಬಲ್ ಆರಿಸಿದರೆ ನಡುವಿನ 2 ಲಕ್ಷಕ್ಕೆ ಯಾರೂ ದಿಕ್ಕಿಲ್ಲ. ಕ್ಲೇಮ್ ಮಾಡದ ವರ್ಷಗಳ ಬೋನಸ್ ಸೇರಿ ಬೆಳೆದ ಮೊತ್ತವನ್ನು ನಂಬಿ ಡಿಡಕ್ಟಿಬಲ್ ಏರಿಸಬೇಡಿ, ಕ್ಲೇಮ್ ಆದ ಮರುವರ್ಷ ಆ ಬೋನಸ್ ಇಳಿಯಬಹುದು. ಮೂಲ ಪಾಲಿಸಿ ಸಿಗಲೇ ಇಲ್ಲವೆಂದರೆ 5 ಲಕ್ಷವನ್ನು ಬೇಕೆಂದಾಗ ಮುರಿಯಬಹುದಾದ ಎಫ್‌ಡಿಯಲ್ಲಿಟ್ಟು ಬರೀ ಸೂಪರ್ ಟಾಪ್‌ಅಪ್ ಇಟ್ಟುಕೊಳ್ಳಬಹುದು. ಡಿಡಕ್ಟಿಬಲ್ ಕೈಯಿಂದ ಕಟ್ಟಿದರೂ ನಡೆಯುತ್ತದೆ. ಆದರೆ ಡಯಾಲಿಸಿಸ್, ಕೀಮೋದಂಥ ಚಿಕಿತ್ಸೆ ಶುರುವಾದರೆ ಆ 5 ಲಕ್ಷ ಪ್ರತಿ ವರ್ಷವೂ ಹೊಸದಾಗಿ ಹೋಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಫ್ಲೋಟರ್ ತೆಗೆದುಕೊಳ್ಳುವಾಗ ಡಿಡಕ್ಟಿಬಲ್ ಕುಟುಂಬಕ್ಕೆ ಒಂದೋ ತಲೆಗೊಂದೋ ಎಂದು ಪಾಲಿಸಿಯಲ್ಲೇ ಓದಿಕೊಳ್ಳಿ.

ಪ್ರಪೋಸಲ್ ಫಾರಂ ಅನ್ನು ಏಜೆಂಟರು ತುಂಬಿದರೂ ಸಹಿ ನಿಮ್ಮದು. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ, ಹಿಂದೆ ಹಾಕಿಸಿಕೊಂಡ ಸ್ಟೆಂಟ್ ಯಾವುದನ್ನೂ ಬಿಡಬೇಡಿ. ಸತತ 60 ತಿಂಗಳು ಕಳೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮುಚ್ಚಿಟ್ಟಿದ್ದಿರಿ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಅದಕ್ಕೂ ಮೊದಲು ತಳ್ಳಿಹಾಕಬಹುದು. ಪಾಲಿಸಿ ಕೈಗೆ ಬಂದು 30 ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು, ಆ ದಿನಗಳಲ್ಲಿ ಕೂತು ಓದಿ.

ಕ್ಲೇಮ್ ಬಂದಾಗ ಎರಡೂ ಕಂಪನಿಗಳಿಗೆ ತಿಳಿಸಿ, ಬಿಲ್ಲು 5 ಲಕ್ಷ ದಾಟದು ಅನ್ನಿಸಿದರೂ. ತುರ್ತಾದರೆ 24 ಗಂಟೆಯೊಳಗೆ. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗುವುದರಿಂದ ಆಸ್ಪತ್ರೆಯಿಂದಲೇ ದೃಢೀಕೃತ ಪ್ರತಿಗಳನ್ನು ಮಾಡಿಸಿಕೊಳ್ಳಿ. ಡಿಸ್ಚಾರ್ಜ್ ಸಾರಾಂಶ ಮತ್ತು ಮೊದಲ ಕಂಪನಿಯ ಸೆಟ್ಲ್‌ಮೆಂಟ್ ಪತ್ರ ಇಲ್ಲದೆ ಎರಡನೆಯ ಕಡತ ಕದಲುವುದಿಲ್ಲ. ಎರಡು ಬೇರೆ ಕಂಪನಿಗಳಾದರೆ ಎರಡನೆಯದರ ಕ್ಯಾಶ್‌ಲೆಸ್ ಅನೇಕ ಸಲ ಆ ಹೊತ್ತಿಗೆ ಒದಗುವುದಿಲ್ಲ, ಕಟ್ಟಿ ಆಮೇಲೆ ಪಡೆಯಬೇಕಾಗುತ್ತದೆ. ಎರಡನ್ನೂ ಒಂದೇ ಕಂಪನಿಯಲ್ಲಿ ಇಡುವುದರ ನಿಜವಾದ ಲಾಭ ಇದೊಂದೇ, ಆದರೆ ವಯಸ್ಸಾದವರಿಗೆ ಅದು ಸಣ್ಣದಲ್ಲ.

70 ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿತು. ಖಾಸಗಿ ವಿಮೆ ಇರುವವರೂ ಅರ್ಹರು. ಕಾರ್ಡ್ ಕೈಗೆ ಬರುವುದು ಬೇರೆ, ನಿಮ್ಮೂರಿನ ಆಸ್ಪತ್ರೆ ಅದನ್ನು ಒಪ್ಪುವುದು ಬೇರೆ. ಕೌಂಟರಿನಲ್ಲಿ ವಿಚಾರಿಸದೆ ಅದನ್ನೇ ಮೂಲ ಪಾಲಿಸಿ ಎಂದು ಲೆಕ್ಕಹಾಕಿ ಸೂಪರ್ ಟಾಪ್‌ಅಪ್ ಕೊಳ್ಳಬೇಡಿ.

ದುಡ್ಡಿನ ವಿಷಯ ಚಿಕ್ಕದು. ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಹಿರಿಯರಿಗೆ ಎರಡೂ ಪಾಲಿಸಿಗಳ ಪ್ರೀಮಿಯಂ ಸೇರಿ ವರ್ಷಕ್ಕೆ 50,000ದವರೆಗೆ ಕಡಿತ ಸಿಗುತ್ತದೆ, ನಗದಿನಲ್ಲಿ ಕಟ್ಟಿರಬಾರದು. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಲು ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಕಾಣದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ.